ರೀಡಿಂಗು

ಮೂವತ್ತೆರಡು ಮನೆ ಮುಗಿದರೆ ಹೊಯಿಗೆ ಬಜಾರು,
ಆಮೇಲೆ ಬೋಳಾರದ ಇಳಿಜಾರು.
ಗೇಟು, ನಾಯಿ, ಮೀಟರಿನ ಪೆಟ್ಟಿಗೆ, ಅಂಕಿ, ರಸೀದಿ.
ಹೆಗಲ ಚೀಲದಲ್ಲಿ ಬಿಲ್ಲಿನ ಯಂತ್ರದ ಪಕ್ಕ
ಬುತ್ತಿಯ ಬಟ್ಟೆಯಲ್ಲಿ ಸುತ್ತಿದ
ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ.
ಹತ್ತೊಂಬತ್ತು ವರ್ಷ ಕರೆಂಟು ಅಳೆದವನಿಗೆ
ಬೆಳಕು ಹೊಸತೇನಲ್ಲ ಅಂದುಕೊಂಡಿದ್ದೆ.

ಮೊದಲ ಭಾನುವಾರ
ಕ್ರಾಸ್ತಾರ ಬೇಕರಿಯ ಮಾಳಿಗೆಯಲ್ಲಿ
ಬಿಳಿಯ ಹೊದಿಕೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು,
ನನ್ನ ತಣ್ಣೀರುಬಾವಿಯ ಸೂರ್ಯಾಸ್ತ ಹಾಕಿದರು.
ಕೆಳಗಿನಿಂದ ಬನ್ನು ಬೇಯುವ ವಾಸನೆ.
ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ.
ಕೊನೆಗೆ ಬೋಟಿನ ಇಂಜಿನು ರಿಪೇರಿಯ ಪಕೀರಣ್ಣ:
"ಕ್ಷಿತಿಜ ಎಡಕ್ಕೆ ವಾಲಿದೆ ಮಾರಾಯ,
ಸಮುದ್ರ ಪೂರಾ ಕಾಸರಗೋಡಿಗೆ ಚೆಲ್ಲುತ್ತದೆ."
ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿ ಬಿಸಿಯಾಗಿತ್ತು.

ಝೊಹರಾ, ಹಲ್ಲಿನ ಡಾಕ್ಟರಿಕೆ ಓದುವವಳು,
ನನ್ನ ಮಗಳ ಪ್ರಾಯ,
ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದಳು:
"ಸೂರ್ಯ ಎಲ್ಲರಿಗೂ ಸಿಗ್ತಾನೆ ಅಂಕಲ್.
ನಿಮಗೆ ಮಾತ್ರ ಸಿಗುವುದು ಎಂತ ಉಂಟು?"

ಬಸ್ಸಿನಲ್ಲಿ ಕೂತು ಯೋಚಿಸಿದೆ.
ಬೇರೆಯವರ ಅಂಗಳದ ಬೆಳಗು, ಅಷ್ಟೇ.
ದಾರದ ಮೇಲೆ ಕೈಚಾಚಿದ ಯೂನಿಫಾರ್ಮು,
ಕಲ್ಲಿನ ಮೇಲೆ ಬೋರಲು ಮಲಗಿದ ಗಂಜಿಯ ಪಾತ್ರೆ,
ಮೀಟರಿನ ಗಾಜಿನ ಹಿಂದೆ ಮೊಟ್ಟೆಯಿಟ್ಟ ಹಲ್ಲಿ.
ದಿನಕ್ಕೊಂದು ತೆಗೆದೆ. ಒಂದೇ. ಕೇಳಿಯೇ ತೆಗೆದೆ.
"ನಮ್ಮದೆಂತ ಉಂಟು ತೆಗೆಯಲಿಕ್ಕೆ" ಅಂದವರೂ
ಸೆರಗು ಸರಿಮಾಡಿಕೊಂಡರು.

ಆಟಿಯ ಮಳೆಗೆ ಲೆನ್ಸಿನಲ್ಲಿ ಬೂಷ್ಟು.
ಸುಗಂಧಿ ಟೀಚರು ಅಕ್ಕಿಡಬ್ಬಿಯಲ್ಲಿಡು ಅಂದರು, ಇಟ್ಟೆ;
ಹೆಂಡತಿ ಗಂಜಿಗೆ ಅಕ್ಕಿ ಅಳೆಯಲು ಹೋಗಿ
ಕ್ಯಾಮೆರಾವನ್ನೇ ತೊಳೆಯಲು ಹಾಕುವುದರಲ್ಲಿದ್ದಳು.

ಒಮ್ಮೆ ಎಂಟು ಮಂದಿ, ಬೆಳಿಗ್ಗೆ ಐದೂವರೆಗೆ, ದಕ್ಕೆಗೆ.
ಮಂಜುಗಡ್ಡೆಯ ಹೊಗೆ, ಡೀಸೆಲು, ಬೈಗುಳ,
ಬುಟ್ಟಿ ದಾಟುವಾಗ ಕಾಲಿಗೆ ಸಿಗುವ ಹಗ್ಗ.
ಗಿರ್ಜಕ್ಕ ಕತ್ತಿ ಕೆಳಗಿಡದೆ ಹೇಳಿದಳು:
"ತೆಗೆಯುವವರು ಎಲ್ಲ ಬರ್ತೀರಿ,
ಕೊಡುವವರು ಒಬ್ಬರಿಲ್ಲ."
ನಾಲ್ಕು ದಿನ ಬಿಟ್ಟು ಪ್ರಿಂಟು ಹಾಕಿಸಿ ಕೊಟ್ಟೆ.
ಚಿಪ್ಪು ಅಂಟಿದ ಬೆರಳಲ್ಲಿ ಅಂಚು ಹಿಡಿದು ನೋಡಿ,
"ಬಂಗುಡೆ ಪೊರ್ಲು ಬಂದಿದೆ. ನಾನೇ ಮುದುಕಿ."
ಆಮೇಲೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಹಣದ ಚೀಲಕ್ಕೆ ಸೇರಿಸಿದಳು,
ನನ್ನ ತೊಟ್ಟೆಗೆ ಎರಡು ಬಂಗುಡೆ ಹೆಚ್ಚು ಬಿತ್ತು.
ಆ ಚಿತ್ರ ಮಾಳಿಗೆಯಲ್ಲಿ ತೋರಿಸಲಿಲ್ಲ.
ಯಾಕೋ.

ಕ್ಷಿತಿಜ ಈಗಲೂ ವಾಲುತ್ತದೆ.
ಪಕೀರಣ್ಣ ಈಗಲೂ ಬಿಡುವುದಿಲ್ಲ.
ಆದರೆ ಹೋದ ತಿಂಗಳು, ಆ ಹಲ್ಲಿಯ ಮೊಟ್ಟೆಯ ಚಿತ್ರಕ್ಕೆ,
ಕನ್ನಡಕ ಹಣೆಗೇರಿಸಿ, ಹತ್ತಿರ ಹೋಗಿ,
"ಎಷ್ಟು ಗಂಟೆಗೆ ತೆಗೆದದ್ದು?" ಅಂತ ಮಾತ್ರ ಕೇಳಿದರು.
ಕ್ರಾಸ್ತಾ ನನ್ನ ತಟ್ಟೆಗೆ ಇನ್ನೊಂದು ಬನ್ನು ಹಾಕಿ
ಮೆಲ್ಲಗೆ ಹೇಳಿದರು: "ಅವರು ಹಾಗೆ ಕೇಳುವುದು
ತನಗೂ ಅಲ್ಲಿ ನಿಲ್ಲಬೇಕು ಅನಿಸಿದರೆ ಮಾತ್ರ."

ಇವತ್ತು ಜೆಪ್ಪು. ಫಿಲೊಮಿನಾ ಬಾಯಿಯ ಮನೆ.
ಮೀಟರು ಚಾವಡಿಯ ಒಳಗೋಡೆಯಲ್ಲಿ.
ಅಂಕಿ ಬರೆದುಕೊಂಡೆ, ರಸೀದಿ ಹರಿದೆ.
ಮಾಡಿನ ಒಂದೇ ಒಂದು ಗಾಜಿನ ಹಂಚಿನಿಂದ
ಬಿಸಿಲಿನ ಒಂದು ಚೌಕ
ನೆಲದ ಕೆಂಪು ಸಾರಣೆಯ ಮೇಲೆ ತೆವಳುತ್ತ
ತಲೆಕೂದಲು ಒಣಗಿಸುತ್ತ ಕೂತ ಮೊಮ್ಮಗಳ
ಹಿಮ್ಮಡಿಗೆ ಇನ್ನೊಂದು ಗೇಣು ಉಂಟು.
ಚೀಲಕ್ಕೆ ಕೈ ಹಾಕಿ ನಿಂತೆ.
"ಎಂತ," ಬಾಯಿ ಅಡುಗೆಮನೆಯಿಂದ ಗಾಬರಿಯಲ್ಲಿ ಬಂದರು,
"ಬಿಲ್ಲು ತುಂಬಾ ಬಂತಾ?"