ಹಿಮದ ಮೇಲೆ ನಾಲ್ಕು ಜಾಡಿ

ಮೈನಸ್ ಇಪ್ಪತ್ತೆಂಟು. ಕೆಮಿಯಾರ್ವಿ ಊರಾಚೆ
ಸರೋವರ ಕಲ್ಲಾಗಿದೆ, ನಾಳೆ ಅದರ ಮೇಲೆ ರೇಸು.
ಹಿಲ್ಕ ಶೆಡ್ಡಿನ ಹಿಂಬಾಗಿಲು ನೂಕಿ
ಸೌತೆಕಾಯಿ ಉಪ್ಪಿನಕಾಯಿಯ ಹಳೆ ಜಾಡಿ ನಾಲ್ಕನ್ನು
ಹಿಮದ ಮೇಲಿಟ್ಟಳು.
ಒಂದೊಂದರಲ್ಲೂ ಒಂದೊಂದು ಎಂಜಿನ್ ಎಣ್ಣೆ,
ಮುಚ್ಚಳದ ಮೇಲೆ ಪೆನ್ಸಿಲ್ಲಿನ ನಂಬರು.

ತಂಗಿಯ ಮಗ ಓಸ್ಮೊ ನಕ್ಕ. ಅವನ ಕಂಕುಳಲ್ಲಿ
ಹತ್ತು-ಅರವತ್ತರ ಡಬ್ಬ, ಚಿನ್ನದ ಬಣ್ಣ,
ಲೀಟರಿಗೆ ಇಪ್ಪತ್ತೆರಡು ಯೂರೋ.
"ಎಂಟು ಸಾವಿರ ಸುತ್ತು ಏರುವ ಎಂಜಿನ್ನು, ದೊಡ್ಡಮ್ಮ,
ದಪ್ಪದ್ದೇ ಬೇಕು. ಎಲ್ಲರೂ ಹಾಗೇ ಹೇಳುತ್ತಾರೆ."

ಅವಳು ಚಮಚಗಳ ಡ್ರಾಯರಿನಿಂದ
ಒಂದು ಬೇರಿಂಗು ತೆಗೆದು ಅವನ ಅಂಗೈಗಿಟ್ಟಳು.
ಒಡೆದ ಅರ್ಧ ಬಳೆಯ ಹಾಗಿತ್ತು;
ಒಳಮೈಯ ಬೂದು ಸವೆದು ತಾಮ್ರ ಇಣುಕಿತ್ತು.
"ನಿನ್ನ ದೊಡ್ಡಪ್ಪನದು. ತೊಂಬತ್ತಾರರ ಫೆಬ್ರವರಿ.
ಇಟಲಿಯ ಬೇಸಿಗೆಗೆಂದು ಮಾಡಿದ್ದನ್ನು ತಂದು ಸುರಿದಿದ್ದ.
ಒತ್ತಡದ ಮುಳ್ಳು ಸರಕ್ಕನೆ ಮೇಲೇರಿತು,
ಸೀಟಿಯೂದುತ್ತ ಹೊರಟ.
ಮುಳ್ಳು ಪಂಪಿನ ಮಾತು ಹೇಳುತ್ತದೆ, ಮಗಾ,
ಕೊನೆಯ ಬೇರಿಂಗಿನ ಬಾಯಾರಿಕೆ ಹೇಳುವುದಿಲ್ಲ."

ಬೆಳಗಿನ ಒಂಬತ್ತಕ್ಕೂ ಕತ್ತಲೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ನಮ್ಮ ಗಾದೆ
ಈ ಊರಿಗೆ ಗೊತ್ತಿಲ್ಲ;
ಹಣೆಗೆ ಟಾರ್ಚು ಕಟ್ಟಿ, ರೆಪ್ಪೆ ಬಡಿಯದೆ
ಒಂದೊಂದೇ ಜಾಡಿ ಬಗ್ಗಿಸಿದಳು.

ಅರವತ್ತರದು ಹೊರಡಲು ಹತ್ತು ಉಸಿರು ತೆಗೆದುಕೊಂಡಿತು,
ಬೆಲ್ಲದ ಪಾಕ ಮೀರಿ ಗಟ್ಟಿಯಾದ ಹಾಗೆ,
ಮುದ್ದೆಯಾಗಿ, ಮನಸ್ಸಿಲ್ಲದೆ.
ಐದು-ಐವತ್ತರ ಜಾಡಿಯನ್ನು ರಾತ್ರಿ ಯಾವುದೋ ನರಿ ಉರುಳಿಸಿತ್ತು,
ಅದರ ಸಾಕ್ಷಿ ಸಿಗಲಿಲ್ಲ.
ಸೊನ್ನೆ-ಇಪ್ಪತ್ತು ಪುಳಕ್ಕನೆ ಜಾರಿ ಬಂತು.
ಓಸ್ಮೊ ಕಣ್ಣರಳಿಸಿದ.
"ತಣ್ಣಗಿದ್ದಾಗ ಓಡಿ ಬಂದದ್ದು
ಕಾದ ಮೇಲೂ ಓಡಿಯೇ ಹೋಗುತ್ತದೆ,"
ಎಂದು ಅದನ್ನು ಬದಿಗಿಟ್ಟಳು.

ಸೊನ್ನೆ-ನಲವತ್ತು ಮಾತ್ರ
ಒಂದೆಳೆಯಾಗಿ, ತುಂಡಾಗದೆ ಇಳಿಯಿತು.
"ಇಳಿದದ್ದನ್ನು ನೋಡಬೇಡ. ಗಾಜಿಗೆ ಅಂಟಿ ಉಳಿದದ್ದನ್ನು ನೋಡು.
ಶಾಫ್ಟಿಗೂ ಬೇರಿಂಗಿಗೂ ನಡುವೆ
ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಜಾಗ.
ನಾನೇ ಅಳೆದದ್ದು, ಕನ್ನಡಕ ಎರಡು ಸಲ ಒರೆಸಿ.
ಕೂದಲೂ ನುಗ್ಗದ ಓಣಿ.
ಅಲ್ಲಿಗೆ ಬೇಗ ಹೊಕ್ಕು, ಕಾದ ಮೇಲೂ ನಿಲ್ಲುವುದು ಯಾವುದು?
ಓಣಿಯನ್ನು ಕೇಳು, ಡಬ್ಬವನ್ನಲ್ಲ."

ಓಸ್ಮೊ ಐದನೆಯವನಾದ.
ಮೂರನೇ ಸುತ್ತಿನಲ್ಲಿ ಹಿಮದ ದಿಣ್ಣೆಗೆ ಮೂಗು ತೂರಿಸಿದ್ದ;
ಅದಕ್ಕೆ ಯಾವ ಎಣ್ಣೆಯಲ್ಲೂ ಮದ್ದಿಲ್ಲ.
ಹಿಲ್ಕ ಅಳತೆಕಡ್ಡಿ ಎಳೆದು, ಎರಡು ಬೆರಳಲ್ಲಿ ತಿಕ್ಕಿ
ಮೂಸಿದಳು. ಕೊಂಚ ಪೆಟ್ರೋಲು ವಾಸನೆ.
"ಇನ್ನೊಂದು ರೇಸು, ಆಮೇಲೆ ಬದಲಾಯಿಸು."
ಹೊಗಳಿಕೆ ಅಷ್ಟೇ.

ಚಿನ್ನದ ಡಬ್ಬ ಶೆಡ್ಡಿನಲ್ಲೇ ಇದೆ, ಜುಲೈಗಿರಲಿ ಅಂತ.
ಹಿಂಬಾಗಿಲ ತಿರುಗಣಿಗೆ ಅದರದೇ ನಾಲ್ಕು ಹನಿ ಹಾಕಿದ್ದಾಳೆ.
ಇನ್ನೂ ಕಿರ್ರೆನ್ನುತ್ತದೆ.