ನಾಲ್ಕು ಗಂಟೆಯ ಜ್ವರ

ಪರೇಲಿನ ಈ ವಾರ್ಡಿನಲ್ಲಿ
ನಾಲ್ಕು ಗಂಟೆಯ ಜ್ವರವನ್ನು ಯಾರೂ ಅಳೆಯುವುದಿಲ್ಲ.
ನಡುರಾತ್ರಿಯದನ್ನು ನೋಡಿ ಅಷ್ಟೇ ಬರೆಯುತ್ತಾರೆ,
ಮಲಗಿದವರನ್ನು ಎಬ್ಬಿಸುವುದೇಕೆ ಎಂಬ ಕರುಣೆಯಿಂದ.
ಕರುಣೆ ಎಂದೆನಲ್ಲ,
ನಿದ್ದೆಗಣ್ಣಿಗೆ ಬೇಕಾದ ಹೆಸರು ಬೇಗ ಸಿಗುತ್ತದೆ.

ಹದಿನೇಳನೆಯ ಹಾಸಿಗೆ: ಮುಸ್ತಕೀಮ್, ಭಿವಂಡಿಯ ಮಗ್ಗದವನು.
ನೂರಾ ಒಂದು, ಎಂದು ಬರೆದೆ.
ನೀಲಿ ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದೆ.
ಗೆರೆ ಚೆನ್ನಾಗಿಯೇ ಬಂತು.

ಆಮೇಲೆ ಕೂತೆ. ಫ್ಯಾನು ತಿರುಗುತ್ತಿತ್ತು.
ಸದ್ದು ಇತ್ತು, ಕಿವಿ ಇತ್ತು, ಕೇಳುವುದೂ ಇತ್ತು.
ಈ ಮೂರರ ನಡುವೆ ನಾನು ಎಂಬುವಳು ಎಲ್ಲಿ ಕೂತಿದ್ದಾಳೆ
ಹುಡುಕಿ ನೋಡು, ಎಂದಿದ್ದರು ಇಂದುಮತಿ ಮಾವಶಿ.
ಅಕ್ಕಲಕೋಟೆಯ ಕಡೆಯವರು, ಈಗ ನಾಯಗಾವಿನ ಚಾಳು,
ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು ಬಂದು
ಬೆಡ್‌ಪ್ಯಾನ್ ತೊಳೆಯುವವರು.
ಹುಡುಕಿದ್ದೆ. ಸಿಕ್ಕಿರಲಿಲ್ಲ.
ಸಿಗದಿದ್ದದ್ದು ಅವತ್ತು ಹಗುರವೆನಿಸಿತ್ತು.

ಇವತ್ತು ಅದೇ ಮಾತು ವಕೀಲನಂತೆ ಬಂದು ನಿಂತಿತು:
ನೀನೇ ಇಲ್ಲವೆಂದ ಮೇಲೆ ಬರೆದವಳು ಯಾರು?
ಬಿಡು. ಅಂಕಿ ಬರೀ ಅಂಕಿ.
ಆದರೆ ಎದೆಗೂಡಿನ ಕೆಳಗೆ ಏನೋ ಬಿಸಿ.
ನನ್ನದಲ್ಲ ಎಂದರೂ
ಸುಡುವುದನ್ನು ಅದು ಬಿಡಲಿಲ್ಲ.

ಹಿರಿ, ಒತ್ತಪ್ಪ. ಅವರ ಬಾಯಲ್ಲಿ ಮೊದಲು ಕೇಳಿದಾಗ
ನಮ್ಮೂರ ಕಡೆಯ ಯಾರೋ ಇರಬೇಕೆಂದುಕೊಂಡೆ:
ಹಿರಿಯಕ್ಕ, ಅವಳ ಗಂಡ ಒತ್ತಪ್ಪ,
ಔರಾದದ ಬಸ್ಸಿಳಿದು ಬುತ್ತಿ ಹಿಡಿದು ಬರುವ ಜನ.
ಮಾವಶಿ ನಕ್ಕು ನಕ್ಕು ಕೆಮ್ಮಿದರು.
ಪಾಲಿ ಮಾತಂತೆ.
ಒತ್ತಪ್ಪ ಅಂದರೆ, ತಿಳಿದವರು ಏನಂದಾರು ಎಂಬ ಅಳುಕು.
ಹಿರಿ ಅಂದರೆ ನಾಚಿಕೆ,
ಕತ್ತಲಲ್ಲೂ ಬರುವ ನಾಚಿಕೆ,
ಇದು ನನಗೆ ತಕ್ಕದ್ದಲ್ಲ ಎನ್ನುವ ಬಿಗುಮಾನ.
ಬಿಗುಮಾನವೇ? ಎಂದೆ.
ಹ್ಞೂಂ, ಎಂದರು. ನಮ್ಮಜ್ಜನ ಹೆಗಲ ಮೇಲೆ ಊರಿನ ಸತ್ತ ದನ.
ಒಂದು ದಿನ ಹಾದಿಯಲ್ಲೇ ಇಳಿಸಿದ.
ಯಾರ ಮೇಲೂ ಕೂಗಾಡಲಿಲ್ಲ. ಹಳ್ಳಕ್ಕೆ ಹೋಗಿ ಕೈ ತೊಳೆದುಕೊಂಡ.

ಎದ್ದೆ. ಥರ್ಮಾಮೀಟರು ಕೊಡವಿದೆ.
ಕಂಕುಳಲ್ಲಿಟ್ಟಾಗ ಮುಸ್ತಕೀಮ್ ಕಣ್ಣು ತೆರೆಯದೆ
ಅಮ್ಮೀ, ಎಂದ.
ಅಲ್ಲವೆನ್ನಲು ಹೋಗಲಿಲ್ಲ.
ನಿಂತೆ, ಎರಡೋ ಮೂರೋ ನಿಮಿಷ.
ಬೆವರು, ಅಯೋಡಿನ್ನು, ಅವನ ಬೆರಳ ಸಂದಿಯ ಹಳೆಯ ಗ್ರೀಸು,
ಕರೀ ರೋಡಿನ ಕಡೆಯಿಂದ ಮೊದಲ ಲೋಕಲ್ಲು.

ನೂರಾ ಒಂದು.

ಬರೆದದ್ದೇ.
ಅದನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಬರೆದೆ:
ನೂರಾ ಒಂದು. ಕೆಳಗೆ ಸಹಿ.

ಬೆಳಿಗ್ಗೆ ರೌಂಡಿಗೆ ಬಂದ ಡಾಕ್ಟರು ಹುಬ್ಬೇರಿಸಿದರು:
ಇದೇನು ಸಿಸ್ಟರ್, ಇದ್ದದ್ದನ್ನು ಹೊಡೆದು ಅದನ್ನೇ ಬರೆದಿದ್ದೀರಿ?
ತಪ್ಪಾಗಿತ್ತು, ಎಂದೆ.

ಮಾವಶಿ ನೆಲ ಒರೆಸುತ್ತ ಬರುತ್ತಿದ್ದರು. ತಲೆ ಎತ್ತಲಿಲ್ಲ.
ನನ್ನ ಕಾಲ ಬುಡಕ್ಕೆ ಬಂದಾಗ
ಒದ್ದೆ ಬಟ್ಟೆಯಿಂದ ಚಪ್ಪಲಿಗೊಮ್ಮೆ ತಟ್ಟಿ
ಸರಿ, ಎಂದರು.

ಸರಿದೆ.