ಮಲ್ವಿಹಿಲ್ ಸಾಹೇಬರ ಅರಿಕೆ

ನಾನು ಫಿಂಟನ್ ಮಲ್ವಿಹಿಲ್. ಶ್ಯಾನನ್ ನದಿಯ ಈಚೆ ದಡದಲ್ಲಿ
ಬ್ಯಾಲಿಕ್ಲೋನಿ ಅನ್ನುವ ಒಂದೇ ಬೀದಿಯ ಊರಿಗೆ
ಇರುವ ಒಬ್ಬನೇ ಜಂಟಲ್‌ಮನ್.
ಹಾಗೆಂದರೆ, ಸ್ವಾಮಿ, ದುಡಿಯಲು ನಾಚಿಕೆ, ಬೇಡಲೂ ನಾಚಿಕೆ;
ಸಾಲಕ್ಕೆ ಮಾತ್ರ ಸಂಕೋಚವಿಲ್ಲ.

ನಾನು ಹುಟ್ಟುವ ರಾತ್ರಿ ಸೂಲಗಿತ್ತಿ ಹೋದದ್ದು ಪಕ್ಕದ ಮನೆಗೆ.
ಅಲ್ಲಿ ಚಹ ಕುಡಿದು, ಕೇಕು ತಿಂದು,
ಇಲ್ಲಿ ಯಾರೂ ನರಳುತ್ತಿಲ್ಲವಲ್ಲ ಅಂತ
ಅವಳಿಗೆ ಅನುಮಾನ ಬರುವಷ್ಟರಲ್ಲಿ ನಾನೇ ಬಂದುಬಿಟ್ಟಿದ್ದೆ.
ಯಾರಿಗೂ ಕಾಯದೆ ಮಾಡಿದ ಕೆಲಸ ಅದೊಂದೇ.

ಇಗರ್ಜಿಯ ಸೋರುವ ಮಾಡಿಗೆಂದು ಲಾಟರಿ ಎತ್ತಿದರು.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಚೀಟಿ ಬಂತು:
ಇಡೀ ಹಂದಿತೊಡೆ, ಜೇನು ಸವರಿ ಸುಟ್ಟದ್ದು, ಇನ್ನೂ ಹಬೆಯಾಡುತ್ತಿದ್ದದ್ದು.
ಅವತ್ತು ತಪಸ್ಸುಕಾಲದ ಶುಕ್ರವಾರ.
ಮುಟ್ಟಿದರೆ ಆಮೇಲೆ ನರಕ, ಮುಟ್ಟದಿದ್ದರೆ ಈಗಲೇ.
ಶನಿವಾರ ಬೆಳಿಗ್ಗೆ ನೋಡುತ್ತೇನೆ, ತಟ್ಟೆಯಲ್ಲಿ ಮೂಳೆ.
ಪಾದ್ರಿಗಳ ನಾಯಿ ಒಳಗೊಳಗೇ ಪ್ರಾಟೆಸ್ಟಂಟ್ ಇರಬೇಕು.

ಮ್ಯಾಲಕಿ ಟ್ಯಾನ್ಸಿ ಸತ್ತಾಗ ಹೆಣ ಕಾಯಲು ಹೋದೆ.
ನನಗೆ ಹನ್ನೆರಡು ಪೌಂಡು ಕೊಡಬೇಕಿತ್ತು; ಎಂಟು ವರ್ಷದಿಂದ
ನನ್ನ ಟೋಪಿ ಕಂಡರೆ ಬೇಲಿ ಹಾರುತ್ತಿದ್ದ ಆಸಾಮಿ
ಎಲ್ಲೂ ಹಾರದೆ, ಕೈಕಟ್ಟಿ ಮಲಗಿದ್ದ.
‘ಯಾರಿಗೂ ಬಿಡಿಗಾಸು ಬಾಕಿ ಇಟ್ಟವರಲ್ಲ’
ಅಂದಳು ಹೆಂಡತಿ ಬ್ರೀಜ್, ಸ್ಯಾಂಡ್‌ವಿಚ್ ಚಾಚಿ, ನನ್ನ ಮುಂದೆಯೇ.
‘ಹೌದಮ್ಮ’ ಅಂದೆ. ಮೂರನೆಯದಕ್ಕೆ ಕೈ ಹಾಕುತ್ತ
ವಸೂಲಿಯ ಲೆಕ್ಕ ಬರೆದುಕೊಂಡೆ ಮನಸ್ಸಿನಲ್ಲೇ.
ನಮ್ಮೂರಲ್ಲಿ ಒಳ್ಳೆಯವನಾಗುವುದು ಕಷ್ಟವಲ್ಲ,
ಉಸಿರೊಂದನ್ನು ಬಿಟ್ಟರೆ ಸಾಕು.

ಹೊತ್ತು ನೋಡಲು ಇಗರ್ಜಿಯ ಗಡಿಯಾರ, ಹೋಲಿಸಿ ನೋಡಲು ನಾನು.
ಆಲೂಗಡ್ಡೆ ಕೊಳೆತವನು, ಹೆಂಡತಿ ಮಾತು ಬಿಟ್ಟವನು,
‘ಆದರೂ ಮಲ್ವಿಹಿಲ್‌ಗಿಂತ ವಾಸಿ’ ಅಂದುಕೊಂಡು
ಗೊರಕೆ ಹೊಡೆಯುತ್ತಾರೆ.
ಈ ಸೇವೆಗೆ ಪಂಚಾಯಿತಿಯಿಂದ ಸಂಬಳ ಕೇಳಬೇಕೆಂದಿದ್ದೆ.
ಅರ್ಜಿ ಅಂಚೆಯಲ್ಲಿ ಕಳೆದುಹೋಯಿತು.

ಹೋದ ಮಂಗಳವಾರ ಒಂದು ಅನಾಹುತವಾಯಿತು: ಗೆದ್ದೆ.
‘ವಿಧವೆಯ ಕೊಡೆ’ ಅನ್ನುವ ಮುದಿ ಕುದುರೆ;
ಮುಂದಿದ್ದ ಐದೂ ಒಂದರ ಮೇಲೊಂದು ಬಿದ್ದವು,
ಇದು ನಿಧಾನವಾಗಿ, ಕ್ಷಮಿಸಿ ಅನ್ನುವಂತೆ, ಪಕ್ಕದಿಂದ ನಡೆದುಬಂತು.
ನಲವತ್ತು ಪೌಂಡು! ಅಪ್ಪನ ಕೋಟಿನ ಒಳಜೇಬಿಗೆ ಇಳಿಬಿಟ್ಟು
ಗಿಲ್‌ಹೂಲಿಯ ಪಬ್ಬಿನ ಬಾಗಿಲಲ್ಲಿ ನಿಂತು ಯೋಚಿಸಿದೆ.
ಹೇಳಿದರೆ ಇವತ್ತು ಯಾರಿಗೂ ನಿದ್ದೆ ಬರುವುದಿಲ್ಲ.

ಮುಖ ಜೋಲು ಬಿಟ್ಟು ಒಳಗೆ ಹೋದೆ.
‘ಮತ್ತೆ ಸೋತಿರಾ?’ ‘ಮತ್ತೆ.’
‘ಅಯ್ಯೋ ಪಾಪ!’ ಎಲ್ಲರ ಮುಖದಲ್ಲೂ ಎಂಥ ಬೆಳಕು!
ಒಬ್ಬ ಕುಡಿಸಿದ, ಇನ್ನೊಬ್ಬ ಕುಡಿಸಿದ,
ಬಡ್ಡಿಯ ಡಿಗ್ನಮ್ ಕೂಡ ಅರ್ಧ ಗ್ಲಾಸು ಕುಡಿಸಿದ.

ಮನೆಗೆ ಬಂದು ಮೇಣದಬತ್ತಿ ಹಚ್ಚಿ ಕೋಟು ಬಿಚ್ಚಿದೆ.
ಕೈ ಒಳಜೇಬಿನಲ್ಲಿ ಇಳಿಯಿತು, ಇಳಿಯಿತು,
ಆಚೆ ಕಡೆಯಿಂದ ಬೆರಳು ಬಂದು ನನಗೇ ನಮಸ್ಕರಿಸಿತು.

ಈಗ ಯಾರಿಗೆ ಹೇಳಲಿ?
ಸಮಾಧಾನವನ್ನೆಲ್ಲ
ಮುಂಗಡವಾಗಿ ಕುಡಿದು ಮುಗಿಸಿದ್ದೆನಲ್ಲ.